ಪಳಗುವ ಕೈ, ಕಾಯುವ ಕಣ್ಣು: ತರಬೇತಿಯ ವೈದ್ಯರ ಅನುಭವ ಮತ್ತು ರೋಗಿಯ ಆರೈಕೆ



ಕಪಿಲೆಯ ದಂಡೆಯ ಜನರಿಗೆ ‘ನಂಜು’ ಎಂಬ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಾವು ಕಚ್ಚಿದರೆ ನಂಜು ಏರಿತು ಎನ್ನುತ್ತಾರೆ. ಗಾಯ ಕೀವು ಕಟ್ಟಿದರೆ ನಂಜಾಯಿತು ಎನ್ನುತ್ತಾರೆ. ಆಪರೇಷನ್ ಆದವರ ಎಲೆಗೆ ಬದನೆಕಾಯಿ ಬಡಿಸುವುದಿಲ್ಲ, ಅದು ನಂಜು. ನಂಜನ್ನು ಉಂಡ ದೇವರ ಊರೇ ನಂಜನಗೂಡು. ಟಿಪ್ಪು ಸುಲ್ತಾನನ ಆನೆಯ ಕಣ್ಣು ಇಲ್ಲಿ ವಾಸಿಯಾಯಿತೆಂದೂ, ಅಂದಿನಿಂದ ಆತ ಶ್ರೀಕಂಠೇಶ್ವರನನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂದೂ ಐತಿಹ್ಯವಿದೆ. 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ್ದೂ ಇದೇ ಊರಿನಲ್ಲಿ. ವೈದ್ಯರ ಮೇಲಿನ ನಂಬಿಕೆಗೆ ಈ ಸೀಮೆಯಲ್ಲಿ ಬಹಳ ಹಳೆಯ ಬೇರುಗಳಿವೆ.

ಆ ನಂಬಿಕೆಯನ್ನು ಹೊತ್ತು ಬಿಳಿಗೆರೆ ಕಡೆಯ ರೈತನೊಬ್ಬ ರಾತ್ರಿ ಹನ್ನೊಂದಕ್ಕೆ ಮೈಸೂರಿನ ದೊಡ್ಡ ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಗೆ ಬಂದಿಳಿದಾಗ, ಅವನ ನಾಡಿ ಹಿಡಿಯುವ ಮೊದಲ ಕೈ ಯಾರದು? ಬಾಗಿಲ ಮೇಲಿನ ಫಲಕದಲ್ಲಿ ಹೆಸರಿರುವ ಪ್ರಾಧ್ಯಾಪಕರದ್ದಂತೂ ಆಗಿರುವುದಿಲ್ಲ. ಅದು ಎಂಬಿಬಿಎಸ್ ಕೊನೆಯ ಪರೀಕ್ಷೆ ಮುಗಿಸಿ ಕೆಲವೇ ತಿಂಗಳಾದ ಹೌಸ್ ಸರ್ಜನ್‌ನದು, ಇಲ್ಲವೇ ಹಿಂದಿನ ದಿನ ಬೆಳಿಗ್ಗೆ ಡ್ಯೂಟಿಗೆ ಬಂದು ಇನ್ನೂ ಹಾಸ್ಟೆಲ್ ಮುಖ ನೋಡದ ಪಿಜಿ ವಿದ್ಯಾರ್ಥಿನಿಯದು. ರೋಗಿಗಳು ಅವರನ್ನು ‘ಚಿಕ್ಕ ಡಾಕ್ಟ್ರು’ ಎಂದು ಕರೆಯುತ್ತಾರೆ. ಬೋಧನಾ ಆಸ್ಪತ್ರೆಗಳ ರಾತ್ರಿಗಳು ನಡೆಯುವುದು ಈ ಚಿಕ್ಕ ಡಾಕ್ಟರುಗಳಿಂದಲೇ.

ಹಾಗಾದರೆ ಕಲಿಯುತ್ತಿರುವವರ ಕೈಯಲ್ಲಿ ರೋಗಿಗೆ ಸಿಗುವ ಆರೈಕೆ ಎಂಥದು? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಬಡವರ ಮೈಮೇಲೆ ಮಕ್ಕಳು ಕೈ ಪಳಗಿಸಿಕೊಳ್ಳುತ್ತಾರೆ ಎಂಬುದು ಒಂದು. ನೂರಾರು ಕೇಸ್ ನೋಡಿದರೆ ಅನುಭವ ತಾನಾಗಿಯೇ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸಿಟ್ಟಿದೆ, ಎರಡನೆಯದರಲ್ಲಿ ಉದಾಸೀನವಿದೆ. ಎಷ್ಟು ರೋಗಿಗಳನ್ನು ನೋಡಿದರೂ ಅದರಿಂದಲೇ ಅನುಭವ ಬಂದುಬಿಡುವುದಿಲ್ಲ. ಕಲಿಯುವವರ ಪಕ್ಕದಲ್ಲಿ ನಿಂತು ತಿದ್ದುವ ಕಣ್ಣೊಂದು ಇರಬೇಕು, ತಾವು ಮಾಡಿದ್ದರ ಫಲವನ್ನು ಆ ಕಿರಿಯರು ಮರಳಿ ನೋಡುವಂತಿರಬೇಕು. ಈ ಎರಡೂ ಕೂಡಿದಾಗ ಮಾತ್ರ ನೋಡಿದ್ದು ಅನುಭವವಾಗುತ್ತದೆ. ರೋಗಿಯ ರಕ್ಷಣೆಯೂ ಅವುಗಳಲ್ಲೇ ಇದೆ. ಈ ಉಪನ್ಯಾಸದ ವಾದ ಇಷ್ಟೇ.

ಒಂದು ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ಕಬಿನಿ ನಾಲೆಯ ನೀರು ಕುಡಿಯುವ ಭತ್ತದ ಗದ್ದೆಗಳಲ್ಲಿ, ಕಬ್ಬಿನ ಸಾಲುಗಳಲ್ಲಿ ಇಲಿಗಳಿವೆ. ಇಲಿ ಇದ್ದಲ್ಲಿ ಹಾವು. ಮುಸ್ಸಂಜೆ ನೀರು ಕಟ್ಟಲು ಹೋದವರ ಕಾಲಿಗೆ ಏನೋ ಕಚ್ಚಿದೆ, ಏನೆಂದು ಕಂಡಿಲ್ಲ. ಆಗ ಕಿರಿಯ ವೈದ್ಯರು ಮಾಡಬೇಕಾದ ಪರೀಕ್ಷೆಗೆ ಯಂತ್ರ ಬೇಡ, ವಿದ್ಯುತ್ತೂ ಬೇಡ. ಎರಡು ಮಿಲಿಲೀಟರ್ ರಕ್ತ ತೆಗೆದು, ಒಣಗಿದ ಹೊಸ ಗಾಜಿನ ನಳಿಕೆಗೆ ಹಾಕಿ, ಅಲುಗಿಸದೆ 20 ನಿಮಿಷ ಬಿಡಬೇಕು. ಆಮೇಲೆ ನಳಿಕೆಯನ್ನು ಒಮ್ಮೆ ಓರೆ ಮಾಡಬೇಕು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಜಾರಿದರೆ ಕೊಳಕುಮಂಡಲದ ಜಾತಿಯ ವಿಷ ರಕ್ತ ಸೇರಿದೆ ಎಂದು ತಿಳಿದು ಪ್ರತಿವಿಷ ಹಾಕಲು ಮೊದಲು ಮಾಡಬೇಕು.

ಪುಸ್ತಕದಲ್ಲಿ ಇದು ನಾಲ್ಕು ಸಾಲು. ವಾರ್ಡಿನಲ್ಲಿ ಎಡವುವ ಜಾಗಗಳು ಹಲವು. ಗಾಜಿನ ಬದಲು ಪ್ಲಾಸ್ಟಿಕ್ ನಳಿಕೆ ಕೈಗೆ ಸಿಕ್ಕಿದರೆ, ಸೋಪಿನ ಪುಡಿಯಲ್ಲಿ ತೊಳೆದ ಹಳೆಯ ನಳಿಕೆ ಬಳಸಿದರೆ, ರಕ್ತ ಚೆನ್ನಾಗಿದ್ದರೂ ಹೆಪ್ಪುಗಟ್ಟದಂತೆ ಕಾಣಬಹುದು. ಹತ್ತು ನಿಮಿಷಕ್ಕೇ ಅವಸರಪಟ್ಟು ಓರೆ ಮಾಡಿದರೂ ಲೆಕ್ಕ ತಪ್ಪುತ್ತದೆ. ಪ್ರತಿವಿಷದ ಪುಡಿಯನ್ನು ನೀರಿನಲ್ಲಿ ಕರಗಿಸುವಾಗ ಸೀಸೆಯನ್ನು ಕುಲುಕಿದರೆ ನೊರೆ ಏಳುತ್ತದೆ. ಅಂಗೈಯಲ್ಲಿ ಮೆಲ್ಲಗೆ ತಿರುಗಿಸಬೇಕು. ಹತ್ತು ಸೀಸೆಯನ್ನು ಹೀಗೆ ಕರಗಿಸುವಷ್ಟು ಹೊತ್ತು ರೋಗಿಯ ಮನೆಯವರು ತಲೆಯ ಮೇಲೆ ನಿಂತಿರುತ್ತಾರೆ. ಪ್ರತಿವಿಷವೇ ಕೆಲವರಿಗೆ ಒಗ್ಗದೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಬಹುದು, ಆದ್ದರಿಂದ ಅಡ್ರಿನಲಿನ್ ಪಕ್ಕದಲ್ಲೇ ಸಿದ್ಧವಿರಬೇಕು.

ಕಟ್ಟುಹಾವಿನ ಕಡಿತ ಇನ್ನೂ ಮೋಸದ್ದು. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚುತ್ತದೆ, ಗುರುತು ಕಾಣುವುದಿಲ್ಲ, ಊತವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಬಂದವರಿಗೆ ಗ್ಯಾಸ್ ಮಾತ್ರೆ ಕೊಟ್ಟು ಕಳಿಸಿದ ಕಿರಿಯರನ್ನು ಅಜ್ಞಾನಿ ಎನ್ನುವುದು ಸುಲಭ. ಆದರೆ ಆ ರೋಗಿಯ ರೆಪ್ಪೆ ಜೋಲುತ್ತಿರುವುದನ್ನು ತೋರಿಸಿ, ‘ಕಣ್ಣು ಮೇಲಕ್ಕೆತ್ತಿ ನೋಡಿ ಅಮ್ಮಾ’ ಎಂದು ಹೇಳಿಸಿ, ಧ್ವನಿ ಮೂಗಿನಿಂದ ಬರುತ್ತಿರುವುದನ್ನು ಕೇಳಿಸಿಕೊಟ್ಟ ಹಿರಿಯರೊಬ್ಬರು ಒಂದೇ ಒಂದು ಸಲ ಪಕ್ಕದಲ್ಲಿದ್ದರೆ ಸಾಕು, ಆ ಕಿರಿಯ ವೈದ್ಯರು ಜೀವಮಾನವಿಡೀ ಅದನ್ನು ಮರೆಯುವುದಿಲ್ಲ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವಿನ ಕಡಿತದಿಂದ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆದರೂ ಹೌಸ್ ಸರ್ಜನ್‌ಗಳ ಹನ್ನೆರಡು ತಿಂಗಳಲ್ಲಿ ತುರ್ತು ಚಿಕಿತ್ಸೆಗೆಂದೇ ಮೀಸಲಾಗಿರುವುದು ಎರಡು ವಾರ.

ಕಲಿಕೆಯೇ ರೋಗಿಗೆ ಮಾರಕವಾದ ಪ್ರಸಂಗವೂ ವೈದ್ಯಕೀಯ ಚರಿತ್ರೆಯಲ್ಲಿದೆ. 1840ರ ದಶಕದ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. ವಿದ್ಯಾರ್ಥಿಗಳ ವಿಭಾಗದಲ್ಲಿ ನೂರಕ್ಕೆ ಸುಮಾರು ಹತ್ತು ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರೆ, ಸೂಲಗಿತ್ತಿಯರ ಕಡೆ ಅದರ ಅರ್ಧಕ್ಕಿಂತಲೂ ಕಡಿಮೆ. ಊರಿನ ಹೆಂಗಸರಿಗೆ ಇದು ಗೊತ್ತಿತ್ತು. ಮೊದಲ ವಿಭಾಗಕ್ಕೆ ಹಾಕಬೇಡಿ ಎಂದು ಅಂಗಲಾಚುತ್ತಿದ್ದರು. ಶವ ಸೀಳುವ ಕೋಣೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುವ ಕೈಗಳೇ ನಂಜನ್ನು ತರುತ್ತಿವೆ ಎಂದು ಇಗ್ನಾಜ್ ಸೆಮ್ಮೆಲ್‌ವೈಸ್ 1847ರಲ್ಲಿ ಕಂಡುಕೊಂಡು, ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಮರುವರ್ಷ ಸಾವು ನೂರಕ್ಕೆ ಒಂದೆರಡಕ್ಕೆ ಇಳಿಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಸೆಮ್ಮೆಲ್‌ವೈಸ್ ವಿದ್ಯಾರ್ಥಿಗಳನ್ನು ಹೊರಗೆ ಹಾಕಲಿಲ್ಲ. ಎರಡು ವಿಭಾಗಗಳ ಸಾವನ್ನು ಬೇರೆಬೇರೆಯಾಗಿ ಬರೆದಿಟ್ಟಿದ್ದರಿಂದ ಹೋಲಿಕೆ ಸಾಧ್ಯವಾಯಿತು, ಹೋಲಿಸಿದ್ದರಿಂದ ಕಾರಣ ಸಿಕ್ಕಿತು, ಕಲಿಕೆಯ ರೀತಿ ಬದಲಾಯಿತು. ತಾಯಂದಿರು ಉಳಿದರು, ವಿದ್ಯಾರ್ಥಿಗಳೂ ಕಲಿತರು.

ಬರೆದಿಡುವ ಶಿಸ್ತಿಗೆ ವಿಯೆನ್ನಾವರೆಗೆ ಹೋಗಬೇಕಾಗಿಲ್ಲ. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ, 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಡುತ್ತಾ ಬಂದರು. ನಡುರಾತ್ರಿ ಹುಟ್ಟಿದ ಮಗುವನ್ನೂ ತಕ್ಕಡಿಗಿಟ್ಟು, ತಲೆಗೆ ಟೇಪು ಸುತ್ತಿ, ದೀಪದ ಕೆಳಗೆ ಆ ಅಂಕಿ ಬರೆದ ಕೈಗಳಿಗೆ ಅದು ಮುಂದೆ ಏನಾಗುತ್ತದೆಂದು ತಿಳಿದಿರಲಿಲ್ಲ. ಆರು ದಶಕಗಳ ಮೇಲೆ ಸಂಶೋಧಕರು ಆ ಮಕ್ಕಳಲ್ಲಿ 517 ಮಂದಿಯನ್ನು ಮೈಸೂರಿನ ಸುತ್ತಮುತ್ತಲೇ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ನಡುವಯಸ್ಸಿನ ನಂತರ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು: ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11, ಮೂರು ಕಿಲೋ ದಾಟಿದವರಲ್ಲಿ ನೂರಕ್ಕೆ 3. ಜಗತ್ತಿನ ಎಲ್ಲೆಡೆ ಈಗ ಆ ಮೈಸೂರಿನ ಪುಸ್ತಕಗಳನ್ನು ಉಲ್ಲೇಖಿಸುತ್ತಾರೆ. ಕೇಸ್ ಶೀಟ್ ಬರೆಯುವುದನ್ನು ಗುಮಾಸ್ತಿಕೆ ಎಂದು ತಿಳಿದು, ಹಿಂದಿನ ದಿನದ ನಾಡಿ, ಬಿ.ಪಿ.ಗಳನ್ನೇ ಇಂದಿನ ಪುಟಕ್ಕೆ ನಕಲು ಮಾಡುವ ತರುಣ ವೈದ್ಯರಿಗೆ ಈ ಕಥೆಯನ್ನು ಮೊದಲ ದಿನವೇ ಹೇಳಬೇಕು.

ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂತು. ಕೃಷ್ಣರಾಜೇಂದ್ರ ಆಸ್ಪತ್ರೆಯ ವಾರ್ಡುಗಳೇ ಅದರ ತರಗತಿಗಳಾದವು. 1984ರಲ್ಲಿ ಜೆಎಸ್ಎಸ್ ವೈದ್ಯಕೀಯ ಕಾಲೇಜು ಬಂದ ಮೇಲೆ ಇದೇ ಸೀಮೆಯ ಸುತ್ತೂರು ಆ ಕಾಲೇಜಿನ ಗ್ರಾಮೀಣ ಕಲಿಕೆಯ ಕ್ಷೇತ್ರವಾಯಿತು. ಅಂದರೆ ಸುಮಾರು ಒಂದು ಶತಮಾನದಿಂದ ನಂಜನಗೂಡು, ತಿ. ನರಸೀಪುರದ ಹಳ್ಳಿಯ ಜನ ತಮ್ಮ ಕೆಮ್ಮು, ಬಸುರು, ಬಾವು, ಸಾವುಗಳ ಮೂಲಕ ವೈದ್ಯರನ್ನು ತಯಾರು ಮಾಡುತ್ತಾ ಬಂದಿದ್ದಾರೆ. ಇವರು ಪಾಠ ಹೇಳಿದ ಗುರುಗಳು. ಇವರಿಗೆ ಸಂಬಳವಿಲ್ಲ, ಸನ್ಮಾನವಿಲ್ಲ. ಕನಿಷ್ಠ ನಿದ್ದೆ ಮಾಡಿ ಬಂದ ವೈದ್ಯರನ್ನಾದರೂ ಕೇಳುವ ಹಕ್ಕು ಇವರಿಗಿದೆ.

ನಿದ್ದೆಯ ಪ್ರಶ್ನೆ ಜಗತ್ತಿನ ಗಮನಕ್ಕೆ ಬಂದದ್ದು 1984ರ ಮಾರ್ಚಿನಲ್ಲಿ. ಜ್ವರವೆಂದು ನ್ಯೂಯಾರ್ಕಿನ ಆಸ್ಪತ್ರೆಗೆ ಸೇರಿದ ಲಿಬ್ಬಿ ಜಯಾನ್ ಎಂಬ 18 ವರ್ಷದ ವಿದ್ಯಾರ್ಥಿನಿ ಬೆಳಗಾಗುವಷ್ಟರಲ್ಲಿ ತೀರಿಕೊಂಡಳು. ನೋಡಿಕೊಂಡವರು ತರಬೇತಿಯಲ್ಲಿದ್ದ ಕಿರಿಯರು, ಹಿರಿಯರು ಸಿಕ್ಕಿದ್ದು ಫೋನಿನಲ್ಲಿ ಮಾತ್ರ. ಆಕೆಯ ತಂದೆ ಪತ್ರಕರ್ತರಾಗಿದ್ದರು, ಸುಮ್ಮನಾಗಲಿಲ್ಲ. ಬರ್ಟ್ರಂಡ್ ಬೆಲ್ ನೇತೃತ್ವದ ಸಮಿತಿಯ ಶಿಫಾರಸಿನಂತೆ 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. ಬೆಲ್ ಅವರ ಮುಖ್ಯ ಕಾಳಜಿ ಹಿರಿಯರ ಮೇಲುಸ್ತುವಾರಿಯಾಗಿತ್ತು. ಜನರಿಗೆ ನೆನಪುಳಿದದ್ದು ಗಂಟೆಗಳ ಲೆಕ್ಕ. ಬಾಸ್ಟನ್ನಿನ ತೀವ್ರ ನಿಗಾ ಘಟಕಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ, ದೀರ್ಘ ಪಾಳಿಯ ಹಳೆಯ ಪದ್ಧತಿಯಲ್ಲಿ ಕಿರಿಯ ವೈದ್ಯರ ಗಂಭೀರ ತಪ್ಪುಗಳು ನೂರಕ್ಕೆ 36ರಷ್ಟು ಹೆಚ್ಚು ಎಂದು ತೋರಿಸಿತು. ಭಾರತದಲ್ಲಿಯೂ 1992ರ ಕೇಂದ್ರ ರೆಸಿಡೆನ್ಸಿ ಯೋಜನೆ ದಿನಕ್ಕೆ 12, ವಾರಕ್ಕೆ 48 ಗಂಟೆ ಎಂದು ಹೇಳಿತ್ತು. ಆ ಕಾಗದಕ್ಕೆ ಮೂರು ದಶಕ ದಾಟಿದೆ. 36 ಗಂಟೆಯ ಡ್ಯೂಟಿ ಇನ್ನೂ ವಾರ್ಡುಗಳ ದಿನಬಳಕೆಯ ಮಾತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಪಿಜಿಗಳಿಗೆ ವಾರಕ್ಕೆ 74 ಗಂಟೆ, ಒಂದು ದಿನ ರಜೆ ಎಂದು ಶಿಫಾರಸು ಮಾಡಬೇಕಾಗಿ ಬಂದದ್ದೇ ಪರಿಸ್ಥಿತಿಯನ್ನು ಹೇಳುತ್ತದೆ.

ಆದರೆ ಗಂಟೆ ಕಡಿಮೆ ಮಾಡಿದಷ್ಟೂ ಪಾಳಿ ಬದಲಾಗುವುದು ಹೆಚ್ಚುತ್ತದೆ, ರೋಗಿ ಕೈಯಿಂದ ಕೈಗೆ ದಾಟುತ್ತಾನೆ. ಹಾವು ಕಚ್ಚಿದವರ ರಕ್ತವನ್ನು ಆರು ಗಂಟೆಗೊಮ್ಮೆ ಮತ್ತೆ ನಳಿಕೆಗೆ ಹಾಕಿ ನೋಡಬೇಕು. ಸಂಜೆ ಎಂಟಕ್ಕೆ ಪ್ರತಿವಿಷ ಹಾಕಿದವರ ಪಾಳಿ ಹತ್ತಕ್ಕೆ ಮುಗಿದರೆ, ರಾತ್ರಿ ಎರಡರ ಪರೀಕ್ಷೆಯನ್ನು ನೆನಪಿಡುವವರು ಯಾರು? ‘ನಾಲ್ಕನೇ ಬೆಡ್ ಹಾವು, ಆರಾಮಿದ್ದಾರೆ’ ಎಂದು ಬಾಗಿಲಲ್ಲಿ ನಿಂತು ಹೇಳಿ ಹೋಗುವುದು ಹಸ್ತಾಂತರವಲ್ಲ. ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರಿಗೆ ಒಂದು ಗೊತ್ತಾದ ಕ್ರಮದಲ್ಲಿ ಹಸ್ತಾಂತರ ಮಾಡುವುದನ್ನು ಕಲಿಸಿದಾಗ ತಪ್ಪುಗಳು ನೂರಕ್ಕೆ 23ರಷ್ಟು, ತಡೆಯಬಹುದಾದ ಹಾನಿ ನೂರಕ್ಕೆ 30ರಷ್ಟು ಇಳಿದವೆಂದು 2014ರಲ್ಲಿ ವರದಿಯಾಯಿತು. ಇದಕ್ಕೆ ಬೇಕಾದದ್ದು ಒಂದು ಹಾಳೆ, ಹದಿನೈದು ನಿಮಿಷ, ಕೇಳಿಸಿಕೊಳ್ಳುವ ಹಿರಿಯರೊಬ್ಬರು.

ಸಭಿಕರೇ, ಇದೆಲ್ಲ ನಗರದ ಆಸ್ಪತ್ರೆಯ ಮಾತಾಯಿತು. ಹಳ್ಳಿಯಲ್ಲಿ ಕಿರಿಯರು ಇನ್ನೂ ಒಂಟಿ. 1946ರ ಭೋರ್ ಸಮಿತಿ ಸಮಾಜವನ್ನು ಬಲ್ಲ ವೈದ್ಯರು ಬೇಕೆಂದು ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ಕೊಟ್ಟಿತು. ಈಗ ಹೌಸ್ ಸರ್ಜನ್‌ಗಳಿಗೆ 12 ವಾರ ಸಮುದಾಯ ವೈದ್ಯಶಾಸ್ತ್ರದಲ್ಲಿ ಕೆಲಸವಿದೆ. ಆ ವಾರಗಳಲ್ಲಿ ಎಷ್ಟೋ ಮಂದಿಯ ಕಣ್ಣು ಪಿಜಿ ಪ್ರವೇಶ ಪರೀಕ್ಷೆಯ ಪುಸ್ತಕದ ಮೇಲಿರುತ್ತದೆ. ಅವರನ್ನಷ್ಟೇ ದೂರಬಾರದು. ಗುರುತು ಹಾಕುವ ಉತ್ತರಗಳಿಂದಲೇ ಮುಂದಿನ ಬದುಕು ನಿರ್ಧಾರವಾಗುವಾಗ, ಅಜ್ಜಿಯೊಬ್ಬರ ಎದೆಗೆ ಸ್ಟೆತಸ್ಕೋಪ್ ಇಟ್ಟು ಐದು ನಿಮಿಷ ಕೇಳಿದ್ದಕ್ಕೆ ಒಂದು ಅಂಕವೂ ಇಲ್ಲ.

ಕರ್ನಾಟಕ 2012ರಲ್ಲಿ ವೈದ್ಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆ ತಂದಾಗ, ಅದರ ಹೆಸರಿನಲ್ಲಿಯೇ ‘ತರಬೇತಿ’ ಎಂಬ ಪದವಿತ್ತು. ತರಬೇತಿ ಎಂದ ಮೇಲೆ ತರಬೇತುದಾರರು ಎಲ್ಲಿ? ಒಬ್ಬರೇ ವೈದ್ಯರಿರುವ ಕೇಂದ್ರಕ್ಕೆ ಹೊಸಬರನ್ನು ಕಳಿಸಿದರೆ ಹಳ್ಳಿಗೆ ವೈದ್ಯರು ಸಿಕ್ಕಂತೆ ಲೆಕ್ಕಕ್ಕೆ ಕಾಣುತ್ತದೆ. ಕೇಳಲು ಯಾರೂ ಇಲ್ಲದ ಆ ಹೊಸಬರು ತಮ್ಮ ಅನುಮಾನವನ್ನು ನುಂಗಿಕೊಳ್ಳುತ್ತಾರೆ, ಅಥವಾ ಬಂದವರನ್ನೆಲ್ಲ 108 ಹತ್ತಿಸಿ ಮೈಸೂರಿಗೆ ಕಳಿಸುತ್ತಾರೆ.

ಬೇರೆ ದಾರಿಯೂ ಇದೇ ಸೀಮೆಯಲ್ಲಿ ಕಂಡಿದೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ 1984ರಲ್ಲಿ ಗೆಳೆಯರೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. 1987ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಗಿರಿಜನರಿಗಾಗಿ ಚಿಕಿತ್ಸಾಲಯ ತೆರೆದರು. ನರಸೀಪುರದಾಚೆ, ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ವಹಿಸಿಕೊಂಡು ನಡೆಸಿತು. ಈ ಎರಡೂ ಕಡೆ ತರುಣ ವೈದ್ಯರ ಆದರ್ಶದ ಬಗ್ಗೆ ಬಹಳ ಬರೆದಿದ್ದಾರೆ, ಅದು ಸಲ್ಲಬೇಕಾದ ಗೌರವ. ಜೊತೆಗೆ ಹೇಳಬೇಕಾದ್ದೆಂದರೆ, ಅಲ್ಲಿಗೆ ಹೋದವರು ಒಂಟಿಯಾಗಿ ಉಳಿಯಲಿಲ್ಲ. ರಾತ್ರಿ ಕಷ್ಟದ ಕೇಸ್ ಬಂದರೆ ಎಬ್ಬಿಸಿ ಕೇಳಲು ಪಕ್ಕದಲ್ಲಿ ಇನ್ನೊಬ್ಬರಿದ್ದರು, ಬೆಳಿಗ್ಗೆ ಅದೇ ರೋಗಿಯನ್ನು ನೋಡಿ ಮಾತಾಡಲು ಹೊತ್ತಿತ್ತು.

ಇನ್ನು ಭಾಷೆ. ‘ಸುಸ್ತು’ ಎಂದರೆ ರಕ್ತಹೀನತೆಯೂ ಆಗಬಹುದು, ಮನಸ್ಸಿನ ಕುಗ್ಗುವಿಕೆಯೂ ಆಗಬಹುದು. ‘ಎದೆ ಉರಿ’ ಹೊಟ್ಟೆಯ ಆಮ್ಲವೋ, ಹೃದಯಾಘಾತದ ಮೊದಲ ಸುಳಿವೋ ಎಂಬುದು ಮುಂದಿನ ಎರಡು ಪ್ರಶ್ನೆಗಳಲ್ಲಿ ತಿಳಿಯುತ್ತದೆ, ಆ ಪ್ರಶ್ನೆಗಳು ಕನ್ನಡದಲ್ಲಿ ಬಂದರೆ ಮಾತ್ರ. ‘ಬಿಳಿ ಸೆರಗು ಹೋಗುತ್ತೆ’ ಎಂಬ ಮಾತನ್ನು ಹೆಂಗಸರು ತಲೆ ತಗ್ಗಿಸಿ ಒಮ್ಮೆ ಹೇಳುತ್ತಾರೆ, ಅರ್ಥವಾಗದೆ ‘ಏನು?’ ಎಂದು ಗಟ್ಟಿಯಾಗಿ ಕೇಳಿದರೆ ಮತ್ತೆ ಬಾಯಿ ಬಿಡುವುದಿಲ್ಲ. 2019ರ ಪಠ್ಯಕ್ರಮ ಮೊದಲ ತಿಂಗಳಲ್ಲೇ ಸ್ಥಳೀಯ ಭಾಷೆ ಕಲಿಸಬೇಕೆಂದಿತು, ಸಂವಹನಕ್ಕೂ ನೀತಿಗೂ ಪ್ರತ್ಯೇಕ ಪಾಠಗಳನ್ನು ಇಟ್ಟಿತು. ಅದು ಹಾಜರಿ ಪುಸ್ತಕದಲ್ಲಿ ಮುಗಿಯುವ ಪಾಠವಾಗಬಾರದು. ಹೊರರಾಜ್ಯದಿಂದ ಬಂದ ಹುಡುಗಿಯೊಬ್ಬಳು ಮೂರು ತಿಂಗಳಲ್ಲಿ ‘ಉಸಿರು ಎಳ್ಕೊಳಿ ತಾತ, ಬಿಡಿ’ ಎನ್ನುವಷ್ಟು ಕಲಿತರೆ, ಆ ತಾತ ಮಿಕ್ಕದ್ದನ್ನು ತಾನೇ ಕಲಿಸುತ್ತಾನೆ.

ತಾವು ಕಲಿಯುತ್ತಿರುವವರು ಎಂದು ಕಿರಿಯ ವೈದ್ಯರು ರೋಗಿಗೆ ಹೇಳುವುದೂ ಆರೈಕೆಯ ಭಾಗವೇ. ಬೆನ್ನುಹುರಿಯ ನೀರು ತೆಗೆಯುವ ಮೊದಲು, ‘ಇದನ್ನು ನಾನು ಮಾಡುತ್ತೇನೆ, ನಮ್ಮ ಮೇಡಂ ಪಕ್ಕದಲ್ಲೇ ಇರುತ್ತಾರೆ’ ಎಂದರೆ ಹಳ್ಳಿಯ ಜನ ಬೇಡವೆನ್ನುವುದು ಅಪರೂಪ. ಬೇಡವೆಂದರೆ ಅದನ್ನು ಒಪ್ಪಬೇಕು. ಹೌಸ್ ಸರ್ಜನ್‌ಗಳ ನಿಯಮಾವಳಿಯೇ ಕೌಶಲಗಳನ್ನು ಸ್ವತಂತ್ರವಾಗಿ ಮಾಡುವಂಥವು, ಮೇಲುಸ್ತುವಾರಿಯಲ್ಲಿ ಮಾಡುವಂಥವು, ನೋಡಿ ಕಲಿಯುವಂಥವು ಎಂದು ವಿಂಗಡಿಸಿದೆ. ಲಾಗ್‌ಬುಕ್ಕಿನಲ್ಲಿ ಹಿರಿಯರ ಸಹಿ, ಅವರು ನಿಜವಾಗಿ ನಿಂತು ನೋಡಿದ ಕೆಲಸಕ್ಕೆ ಮಾತ್ರ ಬೀಳಲಿ. ತಿಂಗಳ ಕೊನೆಯಲ್ಲಿ ಒಟ್ಟಿಗೆ ಹಾಕಿದ ಮೂವತ್ತು ಸಹಿಗಳಿಂದ ಯಾರ ಕೈಯೂ ಪಳಗುವುದಿಲ್ಲ.

ಮಾಡಬಹುದಾದ ಕೆಲಸ ಇನ್ನೊಂದಿದೆ, ಅದಕ್ಕೆ ಹೊಸ ಕಟ್ಟಡವಾಗಲಿ ಹೊಸ ಕಾಯ್ದೆಯಾಗಲಿ ಬೇಕಿಲ್ಲ. ಹಳ್ಳಿಯ ಕೇಂದ್ರದ ಕಿರಿಯ ವೈದ್ಯರು ಕೊಳಕುಮಂಡಲ ಕಚ್ಚಿದವರಿಗೆ ಮೊದಲ ಹತ್ತು ಸೀಸೆ ಹಾಕಿ, ಚೀಟಿ ಬರೆದು ಮೈಸೂರಿಗೆ ಕಳಿಸುತ್ತಾರೆ. ಆ ರೋಗಿಗೆ ಮೂರನೆಯ ದಿನ ಮೂತ್ರ ಕಟ್ಟಿತೇ, ಡಯಾಲಿಸಿಸ್ ಬೇಕಾಯಿತೇ, ಮನೆಗೆ ನಡೆದು ಹೋದರೇ, ಕಳಿಸಿದವರಿಗೆ ತಿಳಿಯುವುದೇ ಇಲ್ಲ. ತಿಳಿಯದೆ ಹೋದದ್ದರಿಂದ ಅವರು ಮುಂದಿನ ಸಲವೂ ಹಾಗೆಯೇ ಮಾಡುತ್ತಾರೆ, ಸರಿಯಿದ್ದರೂ ತಪ್ಪಿದ್ದರೂ. ಈ ಸಭೆಯಲ್ಲಿ ಆಸ್ಪತ್ರೆಗಳನ್ನು ನಡೆಸುವವರಿದ್ದಾರೆ, ವಿಭಾಗಗಳ ಮುಖ್ಯಸ್ಥರಿದ್ದಾರೆ. ಅವರಲ್ಲಿ ಒಂದು ಮನವಿ: ನಂಜನಗೂಡು, ತಿ. ನರಸೀಪುರದ ಯಾವ ಆರೋಗ್ಯ ಕೇಂದ್ರದಿಂದ ರೋಗಿ ಬಂದಿದ್ದರೂ, ಬಿಡುಗಡೆಯ ದಿನ ಡಿಸ್ಚಾರ್ಜ್ ಸಮರಿಯ ಒಂದು ಪ್ರತಿ, ಕೆಳಗೆ ಹಿರಿಯರ ಕೈಬರಹದ ಎರಡು ಸಾಲಿನೊಂದಿಗೆ, ಕಳಿಸಿಕೊಟ್ಟ ಆ ಚಿಕ್ಕ ಡಾಕ್ಟರ ಹೆಸರಿಗೆ ಹೋಗಲಿ.